‘ಒಂಬತ್ತು ರಾಣಿಯರು’: ವಂಚಕನ ಕಥೆಯೂ ಒಂದು ದೇಶದ ಚರಿತ್ರೆಯೂ

ಚಾಪೆಯ ಕೆಳಗೆ ನುಸುಳುವವನನ್ನು ರಂಗೋಲಿಯ ಕೆಳಗೆ ನುಸುಳುವವನು ಗೆಲ್ಲುವ ಕಥೆಗಳು ಎಲ್ಲ ನಾಡುಗಳಲ್ಲಿಯೂ ಇವೆ. ವಂಚಕನೇ ವಂಚಿತನಾದಾಗ ಕೇಳುವವರಿಗೆ ನಗೆ ಬರುವುದು ಸಹಜ. ಆ ನಗೆಯಲ್ಲಿ ನ್ಯಾಯ ದೊರೆತ ಸಮಾಧಾನವೂ ಬೆರೆತಿರುತ್ತದೆ. 2009ರಲ್ಲಿ ವಿ. ಕೆ. ಪ್ರಕಾಶರು ನಿರ್ದೇಶಿಸಿದ ಮಲಯಾಳದ ‘ಗುಲುಮಾಲ್’ ಚಿತ್ರವನ್ನು ಕಂಡಿರುವ ಕಾಸರಗೋಡಿನ ವಾಚಕರಿಗೆ ಇಂಥದೊಂದು ಕಥೆಯ ಪರಿಚಯವಿದೆ. ಅದರ ಮೂಲವು 2000ನೆಯ ಇಸವಿಯಲ್ಲಿ ಅರ್ಜೆಂಟೀನದಲ್ಲಿ ತೆರೆಕಂಡ ಸ್ಪ್ಯಾನಿಷ್ ಚಿತ್ರ ‘ನುಯೆವೆ ರೇನಾಸ್’, ಎಂದರೆ ‘ಒಂಬತ್ತು ರಾಣಿಯರು’. ಕಥೆಯು ಸಮುದ್ರಗಳನ್ನು ದಾಟಿ ನಮ್ಮೆಡೆಗೆ ಬಂದಿತು. ಅದು ಬೇರೂರಿದ್ದ ಚರಿತ್ರೆಯು ಮಾತ್ರ ಅದರೊಡನೆ ಬರಲಿಲ್ಲ. ಆ ಚರಿತ್ರೆಯನ್ನು ಅರಿಯದೆ ಚಿತ್ರದ ಕೊನೆಯ ನಗೆಯಲ್ಲಿರುವ ಕಹಿಯು ತಿಳಿಯದೆಂದು ನಾವು ಭಾವಿಸುತ್ತೇವೆ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅರ್ಜೆಂಟೀನವು ಗೋಧಿ ಮತ್ತು ಮಾಂಸದ ರಫ್ತಿನಿಂದ ಲೋಕದ ಸಂಪನ್ನ ದೇಶಗಳ ಸಾಲಿನಲ್ಲಿ ನಿಂತಿತ್ತು. ಶತಮಾನದ ಕೊನೆಗೆ ಅದರ ನಾಣ್ಯವು ನೆಲ ಕಚ್ಚಿತು. 1989ರ ಒಂದೇ ವರ್ಷದಲ್ಲಿ ಬೆಲೆಗಳು ಶೇಕಡ 3,000ಕ್ಕೂ ಮಿಗಿಲಾಗಿ ಏರಿದವು. 1990ರ ಜನವರಿಯಲ್ಲಿ ಸರಕಾರವು ಜನರ ಬ್ಯಾಂಕು ಠೇವಣಿಗಳ ಬಹುಭಾಗವನ್ನು ಕಟ್ಟಿಹಾಕಿ, ಹಣಕ್ಕೆ ಬದಲಾಗಿ ಹತ್ತು ವರ್ಷ ಅವಧಿಯ ಸಾಲಪತ್ರಗಳನ್ನು ಅವರ ಕೈಗಿತ್ತಿತು. ಮರುವರ್ಷ, 1991ರ ಏಪ್ರಿಲ್ 1ರಿಂದ, ಅಧ್ಯಕ್ಷ ಕಾರ್ಲೋಸ್ ಮೆನೆಮ್ ಮತ್ತು ಅರ್ಥಮಂತ್ರಿ ದೊಮಿಂಗೊ ಕವಾಲ್ಯೊ ಇವರು ದೇಶದ ನಾಣ್ಯವನ್ನು ಅಮೆರಿಕದ ಡಾಲರಿಗೆ ಕಾನೂನಿನ ಹಗ್ಗದಿಂದ ಬಿಗಿದರು. 1992ರಲ್ಲಿ ಹೊಸ ಪೆಸೊ ಚಲಾವಣೆಗೆ ಬಂದಿತು. ಒಂದು ಪೆಸೊ ಎಂದರೆ ಒಂದು ಡಾಲರು.

ಬೆಲೆಯೇರಿಕೆಯು ನಿಂತಿತು. ಅಂಗಡಿಗಳು ವಿದೇಶದ ಸಾಮಾನುಗಳಿಂದ ತುಂಬಿದವು. ಆದರೆ ಆ ಅಗ್ಗದ ಸಾಮಾನುಗಳ ಎದುರಿನಲ್ಲಿ ನಿಲ್ಲಲಾರದೆ ಸ್ವದೇಶದ ಅನೇಕ ಕಾರ್ಖಾನೆಗಳು ಮುಚ್ಚಿದವು; ಸರಕಾರದ ಸಾಲವು ಬೆಳೆಯುತ್ತಲೇ ಹೋಯಿತು. 1997ರ ಏಪ್ರಿಲ್ 2ರಂದು ಅಲ್ಲಿನ ಅಧ್ಯಾಪಕರು ಸಂಸತ್ತಿನ ಮುಂದೆ ಬಿಳಿಯ ಡೇರೆಯೊಂದನ್ನು ಹೂಡಿ, ಶಿಕ್ಷಣಕ್ಕೆ ಹಣ ಒದಗಿಸಬೇಕೆಂದು ಸರದಿಯ ಮೇಲೆ ಉಪವಾಸ ಕುಳಿತರು. ಆ ಡೇರೆಯನ್ನು ಎತ್ತಿದ್ದು 1003 ದಿನಗಳ ಬಳಿಕ. ಹೊರಗೆ ಝಗಝಗಿಸುವ ಅಂಗಡಿಬೀದಿ, ಒಳಗೆ ಬರಿದಾದ ಬೊಕ್ಕಸ: ಇದೇ ಆ ದಶಕದ ನಿಜಸ್ಥಿತಿಯಾಗಿದ್ದಿತು.

ಇಂಥ ಕಾಲದಲ್ಲಿ ಫಾಬಿಯನ್ ಬಿಯೆಲಿನ್‌ಸ್ಕಿ ಎಂಬವರು ತಾವೇ ಬರೆದ ಈ ಕಥೆಯನ್ನು ತಮ್ಮ ಮೊದಲನೆಯ ದೀರ್ಘಚಿತ್ರವಾಗಿ ನಿರ್ದೇಶಿಸಿದರು. ಅದು ನಡೆಯುವುದು ರಾಜಧಾನಿಯಾದ ಬ್ಯೂನಸ್ ಐರಿಸ್ ನಗರದಲ್ಲಿ. ಹುವಾನ್ ಎಂಬ ತರುಣನು ಅಂಗಡಿಯೊಂದರಲ್ಲಿ ಚಿಲ್ಲರೆ ಪಡೆಯುವ ನೆವದಿಂದ ಕೈಚಳಕ ತೋರಿಸಹೋಗಿ ಸಿಕ್ಕಿಬೀಳುತ್ತಾನೆ. ಮಾರ್ಕೊಸ್ ಎಂಬ ಪಳಗಿದ ಠಕ್ಕನು ಪೋಲೀಸಿನವನಂತೆ ನಟಿಸಿ ಅವನನ್ನು ಬಿಡಿಸಿಕೊಂಡು ಹೋಗಿ, ಒಂದು ದಿನದ ಮಟ್ಟಿಗೆ ತನ್ನ ಜೊತೆಗಾರನಾಗೆಂದು ಕೇಳುತ್ತಾನೆ. ಸೆರೆಮನೆಯಲ್ಲಿರುವ ತಂದೆಯನ್ನು ಬಿಡಿಸಲು ಹಣ ಬೇಕಾಗಿದೆಯೆಂದು ಹೇಳಿ ಹುವಾನನು ಒಪ್ಪುತ್ತಾನೆ.

ಒಂದು ಸನ್ನಿವೇಶವನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಮಾರ್ಕೊಸನು ಮಹಡಿಮನೆಗಳ ಕಟ್ಟಡವೊಂದರ ಬಾಗಿಲಲ್ಲಿ ನಿಂತು, ಕರೆಗಂಟೆಗಳನ್ನು ಒಂದೊಂದಾಗಿ ಒತ್ತಿ, ಅತ್ತೆಯನ್ನು ಕರೆಯುವಂತೆ ಕರೆಯುತ್ತಾನೆ. ಮೇಲಿನಿಂದ ವೃದ್ಧೆಯೊಬ್ಬಳು ತನ್ನ ಸೋದರಳಿಯನ ಹೆಸರನ್ನು ತಾನೇ ಹೇಳಿ, ನೀನೇನೋ ಎಂದು ವಿಚಾರಿಸುತ್ತಾಳೆ. ಆ ಕ್ಷಣದಿಂದ ಠಕ್ಕನೇ ಅವಳ ಸೋದರಳಿಯ! ದಾರಿಯಲ್ಲಿ ಕಾರು ಕೆಟ್ಟಿದೆ, ಸ್ವಲ್ಪ ಹಣ ಬೇಕು ಎಂದರೆ ಸಾಕು, ಕೆಲಸ ಮುಗಿಯಿತು. ಮೋಸದ ಅರ್ಧ ಕೆಲಸವನ್ನು ಮೋಸಹೋಗುವವರ ವಿಶ್ವಾಸವೇ ಮಾಡಿಕೊಡುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ.

ಇನ್ನು ಹೆಸರಿನಲ್ಲಿರುವ ರಾಣಿಯರು. ಇವರು ಅಂತಃಪುರದವರಲ್ಲ; ಜರ್ಮನಿಯ ವೈಮಾರ್ ಗಣರಾಜ್ಯದ ಕಾಲದ ಒಂಬತ್ತು ಅಪೂರ್ವ ಅಂಚೆಚೀಟಿಗಳು. ಅದೇ ಜರ್ಮನಿಯಲ್ಲಿ 1923ರ ನವೆಂಬರಿನಲ್ಲಿ ಒಂದು ಡಾಲರಿಗೆ 4,20,000 ಕೋಟಿ ಮಾರ್ಕುಗಳಾಗಿದ್ದವೆಂಬುದು ಚರಿತ್ರೆಯನ್ನು ಓದಿದವರಿಗೆ ತಿಳಿದ ಸಂಗತಿ. ನೋಟುಗಳೆಲ್ಲ ರದ್ದಿಯಾದ ಕಾಲದ ಒಂದು ಹಾಳೆಯು ಈ ಕಥೆಯಲ್ಲಿ ಬಂಗಾರಕ್ಕಿಂತ ಹೆಚ್ಚು ಬೆಲೆ ಬಾಳುತ್ತದೆ! ಅದರ ನಕಲನ್ನು, ದೇಶ ಬಿಟ್ಟು ಹೊರಡುವ ಆತುರದಲ್ಲಿರುವ ಶ್ರೀಮಂತ ಸಂಗ್ರಾಹಕನೊಬ್ಬನಿಗೆ ಮಾರುವುದೇ ಇಬ್ಬರ ಹಂಚಿಕೆ. ನಕಲು ಕೈತಪ್ಪಿ ನೀರುಪಾಲಾಗುತ್ತದೆ. ಆಗ ಮಾರ್ಕೊಸನು ಅಸಲು ಹಾಳೆಯನ್ನೇ ಕೊಂಡು ಲಾಭಕ್ಕೆ ಮಾರಲು ತೊಡಗಿ, ಎಂದೂ ಬಿಚ್ಚದ ತನ್ನ ಗಂಟನ್ನು ಬಿಚ್ಚುತ್ತಾನೆ. ಒಡಹುಟ್ಟಿದ ತಂಗಿಗೂ ತಮ್ಮನಿಗೂ ಸಲ್ಲಬೇಕಾದ ಆಸ್ತಿಯನ್ನು ನುಂಗಿದವನ ಗಂಟು ಅದು.

ಮಾರಾಟವು ನಡೆಯುತ್ತದೆ, ಬ್ಯಾಂಕೇ ಖಾತರಿ ಕೊಟ್ಟ ಚೆಕ್ಕು ಕೈಗೆ ಬರುತ್ತದೆ. ಮರುದಿನ ಬೆಳಗ್ಗೆ ನಗದು ಮಾಡಲು ಹೋದರೆ ಬ್ಯಾಂಕಿನ ಮುಂದೆ ಜನಜಂಗುಳಿ, ಕೂಗಾಟ. ಬ್ಯಾಂಕು ಮುಳುಗಿದೆ. ಬಾಳೆಲ್ಲ ಅನ್ಯರನ್ನು ಮುಳುಗಿಸಿದವನು, ಮುಳುಗಿದ ಬ್ಯಾಂಕಿನ ಚೆಕ್ಕನ್ನು ಹಿಡಿದು ಬೀದಿಯಲ್ಲಿ ನಿಲ್ಲುತ್ತಾನೆ. ಕಡೆಯ ದೃಶ್ಯದಲ್ಲಿ ತಿಳಿಯುವುದೇನೆಂದರೆ, ಸಂಗ್ರಾಹಕ, ಅಂಚೆಚೀಟಿಯ ಪರೀಕ್ಷಕ, ನಕಲುಗಾರ ಎಲ್ಲರೂ ಹುವಾನನ ಕಡೆಯವರೇ. ಹುವಾನನ ಪ್ರೇಯಸಿಯು ಮಾರ್ಕೊಸನ ತಂಗಿಯೇ! ಕಳೆದುಹೋದ ಪಾಲನ್ನು ಅವಳು ಹೀಗೆ ವಸೂಲು ಮಾಡಿಕೊಂಡಳು. ಬ್ಯಾಂಕು ಮುಳುಗುವ ಸುದ್ದಿಯು ಅವರಿಗೆ ಮೊದಲೇ ತಿಳಿದಿತ್ತೇ ಎಂಬುದನ್ನು ಚಿತ್ರವು ಬಿಡಿಸಿ ಹೇಳುವುದಿಲ್ಲ.

ಚಿತ್ರ ಬಂದ ಮರುವರ್ಷವೇ ಆ ಬ್ಯಾಂಕಿನ ದೃಶ್ಯವು ದೇಶದ ಬೀದಿಬೀದಿಗಳಲ್ಲಿ ನಡೆಯಿತು. 2001ರಲ್ಲಿ ಬ್ಯೂನಸ್ ಐರಿಸ್ ಪ್ರಾಂತ್ಯದ ಸರಕಾರವು, ಅಧ್ಯಾಪಕರೂ ಸೇರಿದಂತೆ ತನ್ನ ನೌಕರರ ಸಂಬಳದಲ್ಲಿ ಒಂದು ಭಾಗವನ್ನು ಹಣಕ್ಕೆ ಬದಲು ‘ಪತಾಕೊನ್’ ಎಂಬ ಪತ್ರಗಳಲ್ಲಿ ಕೊಟ್ಟಿತು. ಜನರು ಭಯದಿಂದ ಠೇವಣಿಗಳನ್ನು ಹಿಂತೆಗೆಯತೊಡಗಿದರು. ಡಿಸೆಂಬರ್ ಮೊದಲ ವಾರದಿಂದ ವಾರಕ್ಕೆ 250 ಪೆಸೊಗಳಿಗಿಂತ ಹೆಚ್ಚು ನಗದು ತೆಗೆಯಕೂಡದೆಂಬ ಕಟ್ಟಳೆ ಬಂದಿತು. ಇದಕ್ಕೆ ಅಲ್ಲಿ ‘ಕೊರಲಿತೊ’ ಎಂದು ಹೆಸರಾಯಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಚಿಕ್ಕ ದೊಡ್ಡಿ. ದನಗಳಂತೆ ಜನರ ದುಡ್ಡು ದೊಡ್ಡಿಯ ಪಾಲಾಯಿತು. ಡಿಸೆಂಬರ್ 19 ಮತ್ತು 20ರಂದು ಪಾತ್ರೆಗಳನ್ನು ಬಡಿಯುತ್ತ ಜನರು ಬೀದಿಗಿಳಿದರು. ಆ ಗಲಭೆಗಳಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅಧ್ಯಕ್ಷ ಫೆರ್ನಾಂದೊ ದೆ ಲ ರೂವ ರಾಜೀನಾಮೆಯಿತ್ತು ಹೆಲಿಕಾಪ್ಟರಿನಲ್ಲಿ ಹೊರಟುಹೋದರು.

2002ರ ಆದಿಯಲ್ಲಿ ಪೆಸೊ–ಡಾಲರುಗಳ ಗಂಟನ್ನು ಸರಕಾರವೇ ಬಿಚ್ಚಿತು. ಠೇವಣಿಯ ಪ್ರತಿಯೊಂದು ಡಾಲರಿಗೂ 1.40 ಪೆಸೊ ಎಂದು ಗೊತ್ತುಮಾಡಲಾಯಿತು. ಆದರೆ ವರ್ಷದ ನಡುವಿಗೆ ಪೇಟೆಯಲ್ಲಿ ಡಾಲರಿನ ಬೆಲೆಯು ಮೂರೂವರೆ ಪೆಸೊಗಳನ್ನು ದಾಟಿತ್ತು. ನಮ್ಮ ವಿದ್ಯಾರ್ಥಿಗಳೇ ಲೆಕ್ಕ ಮಾಡಿ ನೋಡಲಿ: 1,000 ಡಾಲರು ಇಟ್ಟವನಿಗೆ 1,400 ಪೆಸೊ; ಅದರಿಂದ ಆ ಹೊತ್ತಿಗೆ 400 ಡಾಲರುಗಳೂ ಬರುವಂತಿರಲಿಲ್ಲ.

ಹಾಗಾದರೆ ಬಿಯೆಲಿನ್‌ಸ್ಕಿಯವರು ಭವಿಷ್ಯವನ್ನು ನುಡಿದರೆ? ನಮಗೆ ಹಾಗೆ ತೋರುವುದಿಲ್ಲ. 1990ರಲ್ಲಿ ಠೇವಣಿಗಳು ಕಾಗದವಾದುದನ್ನು ಕಂಡ ಜನರ ನೆನಪೇ ಆ ದೃಶ್ಯದಲ್ಲಿದೆ. ಜನರು ಹತ್ತು ವರ್ಷಗಳಲ್ಲಿ ಮರೆಯಲೆತ್ನಿಸಿದ್ದನ್ನು ಕಲಾವಿದನು ಮರೆಯಲಿಲ್ಲ, ಅಷ್ಟೆ. ಇನ್ನೊಂದೇ ದೀರ್ಘಚಿತ್ರವನ್ನು ತೆಗೆದು, 2006ರಲ್ಲಿ ತಮ್ಮ 47ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಸೋದರಳಿಯನ ಹೆಸರನ್ನು ತಾನೇ ಹೇಳಿಕೊಟ್ಟ ಆ ವೃದ್ಧೆಯನ್ನು ನೋಡಿ ನಾವು ನಗುತ್ತೇವೆ. ಒಂದು ಪೆಸೊ ಎಂದೆಂದಿಗೂ ಒಂದು ಡಾಲರೇ ಎಂದು ನಂಬಿ ದುಡಿಮೆಯ ಉಳಿತಾಯವನ್ನು ಒಪ್ಪಿಸಿದವರು ಅವಳಿಗಿಂತ ದಡ್ಡರಾಗಿರಲಿಲ್ಲ. ಅವರು ನಂಬಿದ್ದು ಬೀದಿಯ ಠಕ್ಕನನ್ನಲ್ಲ, ದೇಶದ ಕಾನೂನನ್ನು. ಬೀದಿಯ ಠಕ್ಕನನ್ನು ಮೀರಿಸುವ ಠಕ್ಕನು ಕಥೆಯಲ್ಲಾದರೂ ಸಿಗುತ್ತಾನೆ. ಬೇಲಿಯೇ ಎದ್ದು ಹೊಲ ಮೇಯ್ದಾಗ ಹೊಲದವನು ದೂರುವುದಾದರೂ ಯಾರಲ್ಲಿ? ಚಿತ್ರದಲ್ಲಿ ವಂಚಿಸಿದವನ ಗಂಟು ಹೋಯಿತು; ಚರಿತ್ರೆಯಲ್ಲಿ ಯಾರನ್ನೂ ವಂಚಿಸದವರ ಗಂಟು ಹೋಯಿತು.