ಹೆಡೆ–ಬಾಲ ಕೂಡುವ ಭಯ: ಉದಗೀರ ಗಡಿಯಿಂದ ಸರ್ಪಸುತ್ತಿನ ಚಿಕಿತ್ಸಾ ಚರಿತ್ರೆ

ಮಹಾರಾಷ್ಟ್ರ–ಕರ್ನಾಟಕ ಗಡಿಯ ಉದಗೀರ, ನಿಲಂಗಾ, ಉಮರ್ಗಾ ಕಡೆಯ ಕನ್ನಡ ಮನೆಗಳಲ್ಲಿ ಅದು ಸರ್ಪಸುತ್ತು, ಪಕ್ಕದ ಮರಾಠಿ ಮನೆಗಳಲ್ಲಿ ನಾಗೀಣ. ಭಯ ಮಾತ್ರ ಎರಡೂ ಕಡೆ ಒಂದೇ: ಬೆನ್ನಿನಿಂದ ಹೊರಟ ಗುಳ್ಳೆಗಳ ಸಾಲು ಸೊಂಟ ಬಳಸಿ ಬಂದು ಹೆಡೆ ಬಾಲ ಕೂಡಿದರೆ ಮನುಷ್ಯ ಉಳಿಯುವುದಿಲ್ಲ. ಆ ಸುತ್ತು ಮುಂದೆ ಹೋಗದಿರಲೆಂದೇ ಕೆಮ್ಮಣ್ಣು ಹಚ್ಚುತ್ತಾರೆ, ಮಂತ್ರ ಹಾಕಿಸುತ್ತಾರೆ. ಇದನ್ನು ಬರೀ ಮೌಢ್ಯವೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಆರೋಗ್ಯವಂತರ ಮಟ್ಟಿಗೆ ಈ ಭಯ ಸುಳ್ಳು; ರೋಗನಿರೋಧಕ ಶಕ್ತಿ ಕುಗ್ಗಿದವರ ಮಟ್ಟಿಗೆ ಅದರಲ್ಲಿ ಸತ್ಯದ ಅಂಶವಿದೆ. ಸರ್ಪಸುತ್ತಿನ ಆಧುನಿಕ ಚಿಕಿತ್ಸೆ ಬಹುಮಟ್ಟಿಗೆ ಈ ಎರಡನೆಯ ಗುಂಪಿನವರ ಹಾಸಿಗೆಯ ಬಳಿಯೇ ರೂಪುಗೊಂಡಿತು.

ಬೆನ್ನುಹುರಿಯ ಪಕ್ಕದ ನರಗಂಟುಗಳಿಗೂ ಈ ಗುಳ್ಳೆಗಳಿಗೂ ಇರುವ ನಂಟನ್ನು 1900ರಲ್ಲಿ ಹೆನ್ರಿ ಹೆಡ್ ಮತ್ತು ಕ್ಯಾಂಪ್‌ಬೆಲ್ ವಿವರಿಸಿದರು. ಒಂದು ನರ ಮೈಯ ಅರ್ಧಭಾಗಕ್ಕಷ್ಟೇ ಹರಡುತ್ತದೆ, ನಡುಗೆರೆ ದಾಟುವುದಿಲ್ಲ. ಹಾಗಾಗಿ ಸಾಮಾನ್ಯರಲ್ಲಿ ಸುತ್ತು ಪೂರ್ತಿಯಾಗುವುದೇ ಇಲ್ಲ. ಕ್ಯಾನ್ಸರ್ ಔಷಧಿ, ದೀರ್ಘಕಾಲದ ಸ್ಟೀರಾಯ್ಡ್, ಮೂತ್ರಪಿಂಡ ಕಸಿ ಅಥವಾ ಎಚ್‌ಐವಿಯಿಂದ ಶಕ್ತಿ ಕುಂದಿದವರಲ್ಲಿ ಈ ಕಟ್ಟು ಮುರಿಯಬಹುದು. ಗುಳ್ಳೆಗಳು ಮೈತುಂಬ ಏಳುತ್ತವೆ. ವೈರಸ್ ಶ್ವಾಸಕೋಶ, ಯಕೃತ್ತು, ಮಿದುಳಿಗೂ ಇಳಿದರೆ ಪ್ರಾಣಕ್ಕೇ ಸಂಚಕಾರ.

ಸೀತಾಳೆ ಸಿಡುಬಿಗೂ ಸರ್ಪಸುತ್ತಿಗೂ ಸಂಬಂಧವಿದೆ ಎಂಬ ಊಹೆ 19ನೆಯ ಶತಮಾನದ ಕೊನೆಯಲ್ಲೇ ಹಂಗೇರಿಯ ವೈದ್ಯ ಬೊಕಾಯ್‌ಗೆ ಹೊಳೆದಿತ್ತು. 1950ರ ದಶಕದಲ್ಲಿ ಥಾಮಸ್ ವೆಲ್ಲರ್ ಪ್ರಯೋಗಾಲಯದಲ್ಲಿ ವೈರಸ್ಸನ್ನು ಬೆಳೆಸಿ ಎರಡಕ್ಕೂ ಕಾರಣ ಒಂದೇ ಎಂದು ತೋರಿಸಿದರು. ಆದರೆ ಈ ಚರಿತ್ರೆಯಲ್ಲಿ ನನಗೆ ಅತಿ ಮುಖ್ಯರಾಗಿ ಕಾಣುವವರು ಇಂಗ್ಲೆಂಡಿನ ಸಿರನ್‌ಸೆಸ್ಟರ್ ಎಂಬ ಸಣ್ಣ ಊರಿನ ವೈದ್ಯ ಎಡ್ಗರ್ ಹೋಪ್-ಸಿಂಪ್ಸನ್. ಅವರು ತಮ್ಮಲ್ಲಿಗೆ ಬಂದ ರೋಗಿಗಳ ದಾಖಲೆಯನ್ನೇ 16 ವರ್ಷ ಇಟ್ಟು, 1965ರಲ್ಲಿ ತಮ್ಮ ತೀರ್ಮಾನ ಪ್ರಕಟಿಸಿದರು: ಬಾಲ್ಯದ ಸೀತಾಳೆ ಸಿಡುಬು ಮಾಗಿದ ಮೇಲೂ ವೈರಸ್ ನರಗಂಟಿನಲ್ಲಿ ಅಡಗಿ ಕೂತಿರುತ್ತದೆ, ದೇಹದ ಕಾವಲು ಸಡಿಲವಾದಾಗ ಹೊರಬೀಳುತ್ತದೆ. ತಾಲ್ಲೂಕು ಮಟ್ಟದ ದವಾಖಾನೆಯ ರಿಜಿಸ್ಟರೂ ವಿಜ್ಞಾನದ ಆಕರವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಔಷಧಿ ನಿಧಾನವಾಗಿ ಬಂತು. ರೋಗನಿರೋಧಕ ಶಕ್ತಿ ಕುಗ್ಗಿದವರ ಸರ್ಪಸುತ್ತಿಗೆ ವಿಡರಬಿನ್ ಉಪಯುಕ್ತವೆಂದು 1976ರಲ್ಲಿ ವಿಟ್ಲಿ ಮತ್ತು ಸಂಗಡಿಗರು ವರದಿ ಮಾಡಿದರು. ಮರುವರ್ಷ ಗರ್ಟ್ರೂಡ್ ಎಲಿಯನ್ ತಂಡ ಅಸೈಕ್ಲೊವಿರ್ ಕೆಲಸ ಮಾಡುವ ಬಗೆಯನ್ನು ಪ್ರಕಟಿಸಿತು. ಸೋಂಕು ತಗಲಿದ ಕೋಶದಲ್ಲಿ ವೈರಸ್ಸಿನದೇ ಕಿಣ್ವ ಈ ಔಷಧಿಯನ್ನು ಚುರುಕುಗೊಳಿಸುತ್ತದೆ; ಆದ್ದರಿಂದ ಆರೋಗ್ಯವಂತ ಕೋಶಗಳಿಗೆ ಅದರ ಪೆಟ್ಟು ಕಡಿಮೆ. 1981ರಲ್ಲಿ ಅಸ್ಥಿಮಜ್ಜೆ ಕಸಿಯಾದವರ ಮೇಲೆ ನಡೆದ ಪ್ರಯೋಗ ತೀರ ಚಿಕ್ಕದು: ಮುಂಚಿತವಾಗಿ ಈ ಔಷಧಿ ಪಡೆದ 10 ಜನರಲ್ಲಿ ಯಾರಿಗೂ ಸರ್ಪಸುತ್ತಿನ ವೈರಸ್ಸಿನ ಕುಟುಂಬಕ್ಕೇ ಸೇರಿದ ಹರ್ಪಿಸ್ ಸಿಂಪ್ಲೆಕ್ಸ್ ಕಾಣಿಸಲಿಲ್ಲ, ಪಡೆಯದ 10 ಜನರಲ್ಲಿ 7 ಮಂದಿಗೆ ಬಂತು. ರೋಗ ಬರುವ ಮೊದಲೇ ತಡೆಯುವ ಪದ್ಧತಿಗೆ ಇದು ಬಲವಾದ ಆಧಾರವಾಯಿತು. ಎಲಿಯನ್ 1988ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಅಂಗಾಂಗ ಕಸಿಯಾದವರನ್ನೂ ಏಡ್ಸ್ ರೋಗಿಗಳ ಕಣ್ಣನ್ನೂ ಕಾಡುವ ಸೈಟೊಮೆಗಾಲೊ ವೈರಸ್ ಇದೇ ಹರ್ಪಿಸ್ ಕುಟುಂಬದ್ದು. ಅದಕ್ಕೆ ಗ್ಯಾನ್‌ಸೈಕ್ಲೊವಿರ್ 1989ರಲ್ಲಿ, ಅದರ ಮಾತ್ರೆರೂಪದ ವಾಲ್‌ಗ್ಯಾನ್‌ಸೈಕ್ಲೊವಿರ್ 2001ರಲ್ಲಿ ಅಮೆರಿಕದಲ್ಲಿ ಮಂಜೂರಾದವು.

ಮತ್ತೆ ಗಡಿಗೆ ಬರೋಣ. ಉದಗೀರ, ನಿಲಂಗಾ 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯ ತಾಲ್ಲೂಕುಗಳು. ರಾಜ್ಯ ಬದಲಾಯಿತು, ಜನರ ಓಡಾಟ ನಿಲ್ಲಲಿಲ್ಲ. ಎಚ್‌ಐವಿ ಹರಡಿದಾಗ ಮಹಾರಾಷ್ಟ್ರ, ಕರ್ನಾಟಕ ಎರಡೂ ಹೆಚ್ಚು ಸೋಂಕಿನ ಆರು ರಾಜ್ಯಗಳ ಪಟ್ಟಿಯಲ್ಲಿದ್ದವು. 2004ರ ಏಪ್ರಿಲ್ 1ರಂದು ಸರ್ಕಾರ ಎಚ್‌ಐವಿ ಹತೋಟಿಯ ಉಚಿತ ಔಷಧಿ ಚಿಕಿತ್ಸೆಯಾದ ಎಆರ್‌ಟಿ ಆರಂಭಿಸಿದಾಗ ಮೊದಲ ಕೇಂದ್ರಗಳು ಮುಂಬೈ, ಬೆಂಗಳೂರಿನಂಥ ದೂರದ ಊರುಗಳಲ್ಲಿದ್ದವು. ಗಡಿಯ ಬಡವರಿಗೆ ಆ ದೂರವೇ ದೊಡ್ಡ ಅಡ್ಡಿ. ವಿಶ್ವ ಆರೋಗ್ಯ ಸಂಸ್ಥೆ ಎಚ್‌ಐವಿಯನ್ನು ನಾಲ್ಕು ಹಂತಗಳಾಗಿ ಗುರುತಿಸುತ್ತದೆ. ಸರ್ಪಸುತ್ತು ಎರಡನೆಯ ಹಂತದ ಲಕ್ಷಣ; ತಿಂಗಳು ದಾಟಿದರೂ ಮಾಯದ ಹರ್ಪಿಸ್ ಸಿಂಪ್ಲೆಕ್ಸ್ ಹುಣ್ಣು ನಾಲ್ಕನೆಯದರದ್ದು. ಅಂದರೆ ಹರೆಯದವರಲ್ಲಿ ಎದ್ದ ಸರ್ಪಸುತ್ತು ರಕ್ತಪರೀಕ್ಷೆಗೆ ಕೊಟ್ಟ ಕರೆ. ಕೆಮ್ಮಣ್ಣು ಹಚ್ಚಿ ಮನೆಯಲ್ಲಿ ಕೂತವರಿಗೆ ಆ ಕರೆ ಕೇಳಿಸುವುದಿಲ್ಲ. ಕೆಮ್ಮಣ್ಣಿಗಿಂತಲೂ ಕಳೆದುಹೋಗುವ ಸಮಯವೇ ಹೆಚ್ಚು ಕೇಡು ಮಾಡುತ್ತದೆ. 800 ಮಿಲಿಗ್ರಾಂ ಅಸೈಕ್ಲೊವಿರ್ ದಿನಕ್ಕೆ ಐದು ಸಲ, 72 ಗಂಟೆಯೊಳಗೆ ಶುರುವಾದರೆ ಗುಣ ಹೆಚ್ಚು. ಶಕ್ತಿ ಕುಗ್ಗಿದವರಿಗೆ ಆ ಗಡುವು ಮೀರಿದರೂ ಚಿಕಿತ್ಸೆ ಕೊಡಲೇಬೇಕು. ಗುಳ್ಳೆ ಮೈತುಂಬ ಹರಡಿದ್ದರೆ ಆಸ್ಪತ್ರೆಗೆ ಸೇರಿಸಿ ರಕ್ತನಾಳದ ಮೂಲಕವೇ ಔಷಧಿ ಕೊಡಬೇಕು.

ಲಸಿಕೆಯ ಕಥೆಯಲ್ಲಿ ಒಂದು ಅನ್ಯಾಯವಿತ್ತು. ಮಿಚಿಯಾಕಿ ತಕಹಾಶಿ 1974ರಲ್ಲಿ ಜಪಾನಿನ ಆಸ್ಪತ್ರೆಯ ಮಕ್ಕಳಲ್ಲಿ ಸೀತಾಳೆ ಸಿಡುಬು ಹರಡದಂತೆ ತಡೆದ ಲಸಿಕೆಯಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇತ್ತು. ಅದೇ ತಳಿಯಿಂದ 2006ರಲ್ಲಿ ಸರ್ಪಸುತ್ತಿನ ಲಸಿಕೆಯೂ ಬಂತು. ಆದರೆ ರೋಗನಿರೋಧಕ ಶಕ್ತಿ ತೀರ ಕುಗ್ಗಿದವರಿಗೆ, ಅಂದರೆ ಅದು ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವರಿಗೇ, ಅದನ್ನು ಚುಚ್ಚುವಂತಿರಲಿಲ್ಲ. ವೈರಸ್ಸಿನ ಒಂದು ಪ್ರೋಟೀನಿನಿಂದ ಮಾಡಿದ ಶಿಂಗ್ರಿಕ್ಸ್ 2017ರಲ್ಲಿ ಬಂದು ಈ ಕೊರತೆ ನೀಗಿಸಿತು. ಅಮೆರಿಕ 2021ರಲ್ಲಿ ಅದನ್ನು ಶಕ್ತಿ ಕುಗ್ಗಿದ 18 ದಾಟಿದವರಿಗೂ ಅನುಮತಿಸಿತು. ಭಾರತಕ್ಕೆ 2023ರಲ್ಲಿ ಬಂದರೂ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಅದಕ್ಕಿನ್ನೂ ಜಾಗವಿಲ್ಲ. ಕೈಯಿಂದ ದುಡ್ಡು ಕೊಡಬಲ್ಲವರಿಗಷ್ಟೇ ಅದು ಸಿಗುತ್ತದೆ.

ಹೀಗಾಗಿ ಎಚ್‌ಐವಿ ಇರುವ ಗಡಿಭಾಗದ ರೈತ, ಕೂಲಿಕಾರರಿಗೆ ಇವತ್ತು ಕೈಗೆಟಕುವ ದೊಡ್ಡ ರಕ್ಷಣೆ ಎಂದರೆ ತಪ್ಪದೆ ನುಂಗುವ ಎಆರ್‌ಟಿ ಮಾತ್ರೆಯೇ. ಅದು ಶುರುವಾದ ಮೊದಲ ತಿಂಗಳುಗಳಲ್ಲಿ ದೇಹದ ಶಕ್ತಿ ಮರಳುವಾಗಲೇ ಸರ್ಪಸುತ್ತು ಏಳುವುದುಂಟು. ಮಾತ್ರೆಯಿಂದಲೇ ಹೀಗಾಯಿತೆಂದು ರೋಗಿಗೆ ಅನ್ನಿಸುವುದು ಸಹಜ. ಗುಳ್ಳೆಗೆ ಅಸೈಕ್ಲೊವಿರ್ ಕೊಡಬೇಕು, ಎಆರ್‌ಟಿ ನಿಲ್ಲಿಸಬಾರದು. ಇದನ್ನು ಮಾತ್ರೆ ಕೈಗಿಡುವ ದಿನವೇ, ಅವರ ಮನೆಮಾತಿನಲ್ಲಿ ಹೇಳಿ ಕಳಿಸಬೇಕು.