ಆಟದ ಪಿಸ್ತೂಲಿಗೆ ಒಂದು ಹನಿ ಎಣ್ಣೆ

ಜಪಾನಿನಲ್ಲಿ ಸಾಮಾನ್ಯರು ಬಂದೂಕು ಇಟ್ಟುಕೊಳ್ಳುವುದು ಬಲು ಕಷ್ಟ. 1958ರ ಕಾನೂನು ಅಷ್ಟು ಬಿಗಿ. ಆ ಆಸೆಯನ್ನು ಆಟಿಕೆಯಲ್ಲಿ ತೀರಿಸಿಕೊಳ್ಳಲು 1970ರ ದಶಕದಲ್ಲಿ ಅಲ್ಲಿ ಏರ್‌ಸಾಫ್ಟ್ ಆಟ ಹುಟ್ಟಿತು. ಅದರ ಗ್ಯಾಸ್ ಪಿಸ್ತೂಲಿನಲ್ಲಿ 6 ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡನ್ನು ಹಾರಿಸುವುದು ಮದ್ದಲ್ಲ, ಮ್ಯಾಗಜಿನ್ನಿನಲ್ಲಿ ದ್ರವವಾಗಿ ತುಂಬಿಟ್ಟ ಅನಿಲ.

ಈ ಅನಿಲಕ್ಕೆ ಕಾವಲು ಪುಟ್ಟ ರಬ್ಬರ್ ಉಂಗುರಗಳು. ಒಣಗಿದರೆ ಅವು ಸೋರುತ್ತವೆ. ಹೊಲಿಗೆ ಯಂತ್ರದ ಎಣ್ಣೆ ಬಿಟ್ಟರೆ ಕೆಲವು ಬಗೆಯ ರಬ್ಬರ್ ಉಬ್ಬಿ ಕೆಡುತ್ತದೆ. ಆದ್ದರಿಂದಲೇ ಸಿಲಿಕೋನ್ ಎಣ್ಣೆ: ಅನಿಲ ತುಂಬುವ ಬಾಯಿಗೊಂದು ಹನಿ, ಹಿಂದೆ ಮುಂದೆ ಸರಿಯುವ ಸ್ಲೈಡಿನ ಹಳಿಗೆ ತೆಳುವಾಗಿ ಒಂದಿಷ್ಟು. ನಳಿಗೆಗೆ ಮಾತ್ರ ಬೇಡ. ಅಲ್ಲಿನ ರಬ್ಬರ್ ತುಣುಕು ಗುಂಡಿನ ನೆತ್ತಿಯನ್ನು ಉಜ್ಜಿ ಅದು ಹಿಮ್ಮುಖವಾಗಿ ಸುತ್ತುವಂತೆ ಮಾಡಬೇಕು. ಜಿಡ್ಡಾದರೆ ಗುರಿ ಎತ್ತಲೋ, ಗುಂಡು ಎತ್ತಲೋ.

ಅನಿಲದ ಕಥೆ ಇನ್ನೂ ಸ್ವಾರಸ್ಯದ್ದು. ಮೊದಲು ಬಳಸಿದ್ದು ಫ್ರಿಜ್ಜಿನ ಫ್ರಿಯಾನ್-12. ಅದು ಓಜೋನ್ ಪದರಕ್ಕೆ ಕುತ್ತೆಂದು ತಿಳಿದು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಬದಲಿಗೆ ಬಂದ 134ಎ ಓಜೋನಿಗೆ ಸಾಧು ನಿಜ, ಆದರೆ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲಾಗಿ ಭೂಮಿಯನ್ನು ಕಾಯಿಸುತ್ತದೆ. 2016ರ ಕಿಗಾಲಿ ತಿದ್ದುಪಡಿ ಅದಕ್ಕೂ ಕಡಿವಾಣ ಹಾಕಿತು.

ಹೊರದೇಶಗಳಲ್ಲಿ ಮಾರುವ ‘ಗ್ರೀನ್ ಗ್ಯಾಸ್’ ಹೆಸರಿಗಷ್ಟೇ ಹಸಿರು. ಅದು ನಮ್ಮ ಅಡುಗೆ ಅನಿಲದಲ್ಲೂ ಇರುವ ಪ್ರೊಪೇನ್. ಜೊತೆಗೆ ಸಿಲಿಕೋನ್ ಎಣ್ಣೆ ಬೆರೆತಿರುತ್ತದೆ. ಒತ್ತಡ ಹೆಚ್ಚು. 134ಎಗೆಂದು ಮಾಡಿದ ಪ್ಲಾಸ್ಟಿಕ್ ಸ್ಲೈಡ್ ಅದಕ್ಕೆ ಬಿರುಕು ಬಿಡಬಹುದು. ಯಾವ ಅನಿಲವಾದರೂ ಪಿಸ್ತೂಲನ್ನು ಎತ್ತಿಡುವಾಗ ತುಸು ಉಳಿಸಿಡುವುದು ಬಲ್ಲವರ ರೂಢಿ. ಒಳಗೆ ಒತ್ತಡವಿದ್ದರೆ ಉಂಗುರಗಳು ತಮ್ಮ ಜಾಗದಲ್ಲೇ ಕೂತಿರುತ್ತವೆ.