ಹೆಸರು ಅದೇ, ರೋಮ್ ಬೇರೆ

ಬೆಂಗಳೂರಿನ ಯಶವಂತಪುರದ ಬಳಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೋಮ್‌ನ ಬೆಳ್ಳಿ ನಾಣ್ಯಗಳ ನಿಧಿಯೊಂದು ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯ ನೆಲದಲ್ಲೂ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ಇಂಥ ನಾಣ್ಯಗಳು ಸಿಕ್ಕಿವೆ. ಮೆಣಸು, ಮುತ್ತು, ಹತ್ತಿಬಟ್ಟೆಗಳ ವ್ಯಾಪಾರದಲ್ಲಿ ಹಡಗೇರಿ ಬಂದ ಈ ದಿನೇರಿಯಸ್‌ಗಳು ನಮ್ಮ ಭಾಷೆಗಳಿಗೆ ‘ದೀನಾರ’ ಎಂಬ ಶಬ್ದವನ್ನೂ ಕೊಟ್ಟು ಹೋದವು. ದಕ್ಷಿಣ ಭಾರತದಲ್ಲಿ ಸಿಕ್ಕ ಅಗಸ್ಟಸನ ನಾಣ್ಯಗಳಲ್ಲಿ ಒಂದು ಮಾದರಿ ಮತ್ತೆ ಮತ್ತೆ ಕಾಣಿಸುತ್ತದೆ. ಒಂದು ಬದಿಯಲ್ಲಿ ಅವನ ಮುಖ, ಸುತ್ತ ಅವನು ದೇವತ್ವಕ್ಕೇರಿದವನ ಮಗ, ದೇಶದ ತಂದೆ ಎಂದು ಸಾರುವ ಲ್ಯಾಟಿನ್ ಅಕ್ಷರಗಳು. ಇನ್ನೊಂದು ಬದಿಯಲ್ಲಿ ಟೋಗಾ ಉಟ್ಟು ನಿಂತ ಇಬ್ಬರು ಹುಡುಗರು, ಅವರ ನಡುವೆ ಗುರಾಣಿ ಮತ್ತು ಈಟಿ.

ಹುಡುಗರ ಹೆಸರು ಗೇಯಸ್, ಲೂಸಿಯಸ್. ಅಗಸ್ಟಸನ ಮಗಳು ಜೂಲಿಯಾಳ ಮಕ್ಕಳು. ತಾತನೇ ದತ್ತು ತೆಗೆದುಕೊಂಡು ಮಕ್ಕಳೆಂದು ಕರೆದ. ಇವರನ್ನು ನಾಣ್ಯ ಯುವರಾಜರೆನ್ನುವುದಿಲ್ಲ, ಮುಂದೆ ಕಾನ್ಸುಲ್ ಆಗಲಿರುವವರು ಎನ್ನುತ್ತದೆ. ಗಣರಾಜ್ಯದ ಕಾನೂನಿನಂತೆ ನಲವತ್ತು ದಾಟದೆ ಸಿಗದ, ಮತ ಕೇಳಿ ಗೆಲ್ಲಬೇಕಾದ ಹುದ್ದೆ ಗೇಯಸನಿಗೆ ಹದಿನೈದರ ಆಸುಪಾಸಿನಲ್ಲೇ ಗೊತ್ತಾಗಿತ್ತು. ಇಡೀ ನಾಣ್ಯವನ್ನು ತಿರುಗಿಸಿ ನೋಡಿದರೂ ‘ದೊರೆ’ ಎಂಬ ಪದ ಇಲ್ಲ. ರೋಮ್‌ನ ಚರಿತ್ರೆಯನ್ನು ಎಲ್ಲಿಂದ ಶುರು ಮಾಡಬೇಕು ಎಂದು ಯಾರಾದರೂ ಕೇಳಿದರೆ ನಾನು ಈ ನಾಣ್ಯವನ್ನೇ ತೋರಿಸುತ್ತೇನೆ. ಇಲ್ಲದ ಆ ಪದವನ್ನು ರೋಮನ್ನರು ಐದು ನೂರು ವರ್ಷ ಅಷ್ಟು ಜತನದಿಂದ ದೂರ ಇಟ್ಟಿದ್ದರು.

ಸಂಪ್ರದಾಯದ ಲೆಕ್ಕದಲ್ಲಿ ಊರು ಹುಟ್ಟಿದ್ದು ಕ್ರಿ.ಪೂ. 753ರಲ್ಲಿ. ಏಳು ದೊರೆಗಳು ಆಳಿದರು, ಕೊನೆಯವನಾದ ತಾರ್ಕ್ವಿನಿಯಸನನ್ನು 509ರಲ್ಲಿ ಓಡಿಸಿದರು. ಈ ಕಥೆಯಲ್ಲಿ ಪುರಾಣವೆಷ್ಟು, ಚರಿತ್ರೆಯೆಷ್ಟು ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ಮುಗಿಯದಿದ್ದರೂ ನಷ್ಟವಿಲ್ಲ, ದೊರೆ ಎಂಬರ್ಥದ ‘ರೆಕ್ಸ್’ ಎಂದರೆ ಬೈಗುಳ ಎಂಬಷ್ಟು ಅದು ಅವರ ಮನಸ್ಸಿನಲ್ಲಿ ಇಳಿದಿತ್ತು, ನಮಗೆ ಬೇಕಾದದ್ದು ಅಷ್ಟೇ. ದೊರೆಯ ಜಾಗಕ್ಕೆ ಇಬ್ಬರು ಕಾನ್ಸುಲರು ಬಂದರು. ಅಧಿಕಾರ ಒಂದೇ ವರ್ಷ, ಒಬ್ಬ ಹೊರಡಿಸಿದ ಆಜ್ಞೆಯನ್ನು ಇನ್ನೊಬ್ಬ ತಡೆಯಬಹುದು. ನಾವು ಪ್ರಭವ, ವಿಭವ ಎಂದು ಸಂವತ್ಸರಗಳನ್ನು ಕರೆದ ಹಾಗೆ ಅವರು ವರ್ಷವನ್ನು ಆ ಇಬ್ಬರು ಕಾನ್ಸುಲರ ಹೆಸರಿನಿಂದಲೇ ಕರೆದರು. ಯುದ್ಧವಾದದ್ದು ಇಂಥವರ ವರ್ಷದಲ್ಲಿ, ದ್ರಾಕ್ಷಾರಸ ತುಂಬಿಟ್ಟದ್ದು ಇಂಥವರ ವರ್ಷದಲ್ಲಿ.

ದೊರೆ ಹೋದರೂ ಅಧಿಕಾರ ಬಂದದ್ದು ಪೆಟ್ರೀಷಿಯನ್ ಎಂಬ ಕೆಲವೇ ಮನೆತನಗಳಿಗೆ. ಉಳಿದವರು ಪ್ಲೀಬಿಯನ್ನರು. ಸಾಲ ತೀರಿಸಲಾಗದಿದ್ದರೆ ಸಾಲ ಕೊಟ್ಟವನ ಮನೆಯ ಆಳಾಗಬೇಕಿದ್ದ ಇವರು 494ರಲ್ಲಿ, ಸಂಪ್ರದಾಯ ಹೇಳುವಂತೆ, ಊರನ್ನೇ ಬಿಟ್ಟು ಬೆಟ್ಟ ಹತ್ತಿ ಕುಳಿತರು. ಸೈನಿಕರೇ ಮುಷ್ಕರ ಹೂಡಿದರೆ ಕಾನ್ಸುಲ್ ಯಾರನ್ನು ಕರೆದುಕೊಂಡು ಯುದ್ಧಕ್ಕೆ ಹೋಗಬೇಕು? ಹೀಗೆ ಹುಟ್ಟಿದ್ದು ಟ್ರಿಬ್ಯೂನ್ ಹುದ್ದೆ. ಟ್ರಿಬ್ಯೂನನ ಮೈಮುಟ್ಟುವುದು ಪಾಪ. ಅವನು ‘ವೀಟೋ’ ಎಂದರೆ ಸರ್ಕಾರ ಅಲ್ಲೇ ನಿಲ್ಲಬೇಕು. 450ರ ಹೊತ್ತಿಗೆ ಹನ್ನೆರಡು ಫಲಕಗಳಲ್ಲಿ ಕಾನೂನು ಬರಹಕ್ಕೆ ಬಂತು. 445ರಲ್ಲಿ ಎರಡು ವರ್ಗಗಳ ನಡುವೆ ಮದುವೆಗೆ ಒಪ್ಪಿಗೆ ಸಿಕ್ಕಿತು, 367ರಲ್ಲಿ ಕಾನ್ಸುಲ್ ಹುದ್ದೆಯೇ ಪ್ಲೀಬಿಯನ್ನರಿಗೆ ತೆರೆಯಿತು. 287ರಿಂದ ಅವರ ಸಭೆಯ ನಿರ್ಣಯ ಎಲ್ಲರಿಗೂ ಕಾನೂನಾಯಿತು. ಇನ್ನೂರು ವರ್ಷ ಹಗ್ಗಜಗ್ಗಾಟ ನಡೆದರೂ ರಕ್ತ ಹರಿದದ್ದು ಬಹಳ ಕಡಿಮೆ. ಕೊನೆಯಲ್ಲಿ ಗೆದ್ದವರು ಪ್ಲೀಬಿಯನ್ನರೊಳಗಿನ ಹಣವಂತರು. ಹಳೆಯ ಕುಲೀನರೂ ಹೊಸ ಶ್ರೀಮಂತರೂ ಕೂಡಿ ಒಂದೇ ಆಳುವ ವರ್ಗವಾದರು.

ಇದನ್ನು ಪ್ರಜಾಪ್ರಭುತ್ವ ಎನ್ನುವವರು ಮತದಾನ ನಡೆಯುತ್ತಿದ್ದ ಬಗೆಯನ್ನು ಹತ್ತಿರದಿಂದ ನೋಡಬೇಕು. ಕಾನ್ಸುಲರನ್ನು ಆರಿಸುವ ಸಭೆಯಲ್ಲಿ 193 ಗುಂಪುಗಳಿದ್ದವು, ಒಂದು ಗುಂಪಿಗೆ ಒಂದು ಮತ. ಕುದುರೆ ಸವಾರರಿಗೆ 18, ಆಸ್ತಿಯಲ್ಲಿ ಮೊದಲ ದರ್ಜೆಯವರಿಗೆ 80 ಗುಂಪು. ಅಲ್ಲಿಗೇ 98, ಅಂದರೆ ಬಹುಮತ. ಬಹುಮತ ಸಿಕ್ಕ ಕೂಡಲೇ ಎಣಿಕೆ ನಿಲ್ಲುತ್ತಿತ್ತು. ಏನೂ ಇಲ್ಲದವರನ್ನೆಲ್ಲ ಒಂದೇ ಗುಂಪಿಗೆ ತುಂಬಿ ಕೊನೆಯಲ್ಲಿ ನಿಲ್ಲಿಸುತ್ತಿದ್ದರು, ಅವರ ಸರದಿ ಬರುವ ಹೊತ್ತಿಗೆ ಫಲಿತಾಂಶ ಗೊತ್ತಾಗಿರುತ್ತಿತ್ತು. ಮುಂದೆ ಈ ಲೆಕ್ಕವನ್ನು ತುಸು ಸಡಿಲಿಸಿದರೂ ತಕ್ಕಡಿ ಶ್ರೀಮಂತರ ಕಡೆಗೇ ವಾಲಿತ್ತು. ಮತ ಹಾಕಲು ಜನರನ್ನು ಕೂಡುತ್ತಿದ್ದ ಆವರಣವನ್ನು ರೋಮನ್ನರೇ ‘ಕುರಿದೊಡ್ಡಿ’ ಎನ್ನುತ್ತಿದ್ದರು. ಲೇವಡಿಯೋ ಅಕ್ಕರೆಯೋ, ಹೆಸರು ಮಾತ್ರ ಚೆನ್ನಾಗಿದೆ. 139ರವರೆಗೆ ಮತವನ್ನು ಬಾಯಿಬಿಟ್ಟೇ ಹೇಳಬೇಕಿತ್ತು, ಮುಂಜಾನೆ ಯಾವ ಧಣಿಯ ಬಾಗಿಲಿಗೆ ಹೋಗಿ ನಮಸ್ಕರಿಸಿದ್ದನೋ ಆ ಧಣಿಯ ಕಣ್ಣೆದುರಿಗೇ.

ಈ ವ್ಯವಸ್ಥೆ ಒಂದು ಊರಿಗೆ ಹೊಲಿದ ಅಂಗಿ. ಊರು ಸಾಮ್ರಾಜ್ಯವಾಗಿ ಬೆಳೆದಾಗ ಹೊಲಿಗೆ ಬಿಚ್ಚಿಕೊಂಡಿತು. ಕ್ರಿ.ಪೂ. 146ರಲ್ಲಿ ಕಾರ್ಥೇಜ್ ಮತ್ತು ಕೊರಿಂಥ್ ಎರಡೂ ನಾಶವಾದವು. ಅದಕ್ಕೆ ಮೊದಲೇ, 167ರಲ್ಲಿ, ಮ್ಯಾಸಿಡೋನಿಯಾದ ಲೂಟಿಯಿಂದ ಖಜಾನೆ ತುಂಬಿ, ಇಟಲಿಯ ಪೌರರು ನೇರ ತೆರಿಗೆ ಕಟ್ಟುವುದೇ ನಿಂತಿತ್ತು. ಸೆರೆಸಿಕ್ಕವರು ಗುಲಾಮರಾಗಿ ಇಟಲಿಯ ದೊಡ್ಡ ಜಮೀನುಗಳಿಗೆ ಬಂದರು. ವರ್ಷಗಟ್ಟಲೆ ಸ್ಪೇನಿನಲ್ಲೋ ಗ್ರೀಸಿನಲ್ಲೋ ಹೋರಾಡಿ ಬಂದ ಸಣ್ಣ ರೈತನಿಗೆ ಹೊಲವೇ ಕೈತಪ್ಪಿರುತ್ತಿತ್ತು. 133ರಲ್ಲಿ ಟ್ರಿಬ್ಯೂನ್ ಟೈಬೀರಿಯಸ್ ಗ್ರಾಕಸ್, ಸರ್ಕಾರಿ ಭೂಮಿಯಲ್ಲಿ ಮಿತಿ ಮೀರಿ ಹಿಡಿದುಕೊಂಡದ್ದನ್ನು ಬಿಡಿಸಿ ಬಡವರಿಗೆ ಹಂಚಲು ಹೊರಟ. ಆಳುವ ವರ್ಗದ ಹಿರಿಯರ ಸಭೆಯಾದ ಸೆನೆಟ್‌ನ ಸದಸ್ಯರ ಗುಂಪೊಂದು ಪ್ರಧಾನ ಅರ್ಚಕನನ್ನೇ ಮುಂದಿಟ್ಟುಕೊಂಡು ಬಂದು, ಮುರಿದ ಬೆಂಚಿನ ಕಾಲುಗಳಿಂದ, ದೊಣ್ಣೆಗಳಿಂದ ಅವನನ್ನು ಬಡಿದು ಕೊಂದಿತು. ಮೈಮುಟ್ಟಬಾರದವನ ಹೆಣ ಟೈಬರ್ ನದಿಯಲ್ಲಿ ತೇಲಿತು. ಅವನ ತಮ್ಮ ಗೇಯಸನಿಗೂ 121ರಲ್ಲಿ ಅದೇ ಗತಿಯಾಯಿತು. ಗಣರಾಜ್ಯ ಮುಗಿದದ್ದು ಯಾವಾಗ ಎಂಬ ಪ್ರಶ್ನೆಗೆ ಸೀಸರನ ಹೆಸರು ಹೇಳುವುದು ರೂಢಿ. ನನ್ನ ಮಟ್ಟಿಗೆ ಆ ಬೆಂಚಿನ ಕಾಲು ಸೀಸರನ ಕತ್ತಿಗಿಂತ ಹೆಚ್ಚು ಹಾಳು ಮಾಡಿತು.

ಆಮೇಲಿನದು ವೇಗದ ಇಳಿಜಾರು. ಮೇರಿಯಸ್ 107ರಲ್ಲಿ ಆಸ್ತಿಯಿಲ್ಲದವರನ್ನೂ ಸೈನ್ಯಕ್ಕೆ ಸೇರಿಸಿಕೊಂಡ. ನಿವೃತ್ತಿಯ ನಂತರ ಭೂಮಿ ಕೊಡಿಸಬೇಕಾದವನು ಸೇನಾಪತಿ, ಹಾಗಾಗಿ ಸೈನಿಕನ ನಿಷ್ಠೆಯೂ ಅವನಿಗೇ. 88ರಲ್ಲಿ ಸುಲ್ಲ ತನ್ನ ಸೈನ್ಯವನ್ನು ರೋಮ್‌ನ ಮೇಲೆಯೇ ತಿರುಗಿಸಿದ. ಅದೇ ಹೊತ್ತಿಗೆ ಇಟಲಿಯ ಮಿತ್ರರು, ರಕ್ತ ನಮ್ಮದು, ಹಕ್ಕು ನಿಮ್ಮದೇ ಎಂದು ದಂಗೆಯೆದ್ದು ಪೌರತ್ವ ಪಡೆದಿದ್ದರು. 59ರಲ್ಲಿ ಕಾನ್ಸುಲ್ ಆದ ಜೂಲಿಯಸ್ ಸೀಸರ್, ಜೊತೆಗಾರ ಬಿಬ್ಯುಲಸನನ್ನು ಹೆದರಿಸಿ ಮನೆಯಲ್ಲೇ ಕೂಡಿಸಿದ. ಆಗ ಊರ ಪೋಕರಿಗಳು ಆ ವರ್ಷವನ್ನು ಜೂಲಿಯಸ್ ಮತ್ತು ಸೀಸರ್ ಕಾನ್ಸುಲರಾಗಿದ್ದ ವರ್ಷವೆಂದು ಕರೆದು ನಕ್ಕರು. 44ರಲ್ಲಿ ಅವನು ಜೀವನಪರ್ಯಂತದ ಸರ್ವಾಧಿಕಾರಿಯಾದ, ಮಾರ್ಚ್ 15ರಂದು ಸತ್ತ.

ಅವನ ದತ್ತುಪುತ್ರ ಅಗಸ್ಟಸ್ ಪಾಠ ಕಲಿತಿದ್ದ. ಅಗಸ್ಟಸ್ ಕ್ರಿ.ಪೂ. 27ರಲ್ಲಿ ಅಧಿಕಾರವನ್ನೆಲ್ಲ ಸೆನೆಟ್‌ಗೆ ಮರಳಿಸಿದೆನೆಂದ. ಸೆನೆಟ್ ಸೈನ್ಯವಿದ್ದ ಪ್ರಾಂತ್ಯಗಳನ್ನು ಅವನಿಗೇ ಒಪ್ಪಿಸಿತು. 23ರಿಂದ ಟ್ರಿಬ್ಯೂನನ ಅಧಿಕಾರವೂ ಅವನ ಕೈಸೇರಿತು. ಟ್ರಿಬ್ಯೂನ್ ಹುದ್ದೆಯಲ್ಲ, ಬರೀ ಅದರ ಅಧಿಕಾರ! ಬಡವರು ಬೆಟ್ಟ ಹತ್ತಿ ಪಡೆದ ರಕ್ಷಣೆ ಚಕ್ರವರ್ತಿಯ ಮೈಗಾವಲಾಯಿತು. ಇದೇ ಸಮಯಕ್ಕೆ, ಕ್ರಿ.ಪೂ. 26ರಲ್ಲಿ, ಅವನ ಆಪ್ತ ಅಗ್ರಿಪ್ಪ ಹಳೆಯ ಕುರಿದೊಡ್ಡಿಯ ಜಾಗದಲ್ಲಿ ಅಮೃತಶಿಲೆಯ ಭವ್ಯ ಮತದಾನ ಮಂಟಪವನ್ನು ಕಟ್ಟಿ ಮುಗಿಸಿದ. ಮತಕ್ಕೆ ಬೆಲೆಯಿದ್ದಾಗ ಮರದ ಬೇಲಿ, ಬೆಲೆ ಹೋದ ಮೇಲೆ ಅಮೃತಶಿಲೆ. ಅಲ್ಲಿ ಗ್ಲಾಡಿಯೇಟರ್ ಕಾಳಗ ನಡೆದವು, ಕ್ರಿ.ಶ. 14ರಲ್ಲಿ ಚುನಾವಣೆ ಸೆನೆಟ್‌ನ ಒಳಮನೆಗೆ ಹೋಯಿತು, ಮುಂದೆ ಮಂಟಪದಲ್ಲಿ ಅಂಗಡಿಗಳು ಬಂದವು. ನಾಣ್ಯದ ಆ ಇಬ್ಬರು ಹುಡುಗರೂ ತಾತ ಬದುಕಿರುವಾಗಲೇ ತೀರಿಕೊಂಡಿದ್ದರು, ಪಟ್ಟ ಮಲಮಗ ಟೈಬೀರಿಯಸನಿಗೆ ಹೋಯಿತು. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಚರಿತ್ರೆಕಾರ ರೊನಾಲ್ಡ್ ಸೈಮ್ 1939ರಲ್ಲಿ ಈ ಕಾಲದ ಬಗ್ಗೆ ಬರೆದ ಪುಸ್ತಕದಲ್ಲಿ ಅಗಸ್ಟಸನನ್ನು ಒಂದು ಪಕ್ಷದ ಯಜಮಾನನಂತೆ ಕಂಡ. ಯೂರೋಪಿನ ತುಂಬ ಸರ್ವಾಧಿಕಾರಿಗಳು ಮೆರೆಯುತ್ತಿದ್ದ ವರ್ಷವದು.

ಇಲ್ಲಿಯವರೆಗೆ ಹೇಳಿದ್ದು ಮೇಲಿನವರ ಕಥೆ. ಕೆಳಗಿನಿಂದ ನೋಡಿದರೆ ರೋಮ್ ಇಷ್ಟು ಕಪಟಿಯಾಗಿ ಕಾಣುವುದಿಲ್ಲ. ಪೌರತ್ವವನ್ನು ಹಂಚುವುದರಲ್ಲಿ ಅದರ ಕೈ ಮೊದಲಿನಿಂದಲೂ ಧಾರಾಳ. ಕ್ರಿ.ಪೂ. ಮೂರನೆಯ ಶತಮಾನದಲ್ಲೇ ಮ್ಯಾಸಿಡೋನಿಯಾದ ದೊರೆ ಐದನೆಯ ಫಿಲಿಪ್, ಗ್ರೀಸಿನ ಲಾರಿಸಾ ಊರಿಗೆ ಬರೆದ ಪತ್ರದಲ್ಲಿ ಇದನ್ನೇ ಬೆರಳಿಟ್ಟು ತೋರಿಸಿದ: ರೋಮನ್ನರು ಬಿಡುಗಡೆಯಾದ ಗುಲಾಮರನ್ನೂ ಪೌರರನ್ನಾಗಿ ಸೇರಿಸಿಕೊಳ್ಳುತ್ತಾರೆ, ನೀವೇಕೆ ಹಿಂಜರಿಯುತ್ತೀರಿ ಎಂಬುದು ಅದರ ತಾತ್ಪರ್ಯ. ಕಲ್ಲಿನಲ್ಲಿ ಕೆತ್ತಿದ ಆ ಪತ್ರ ಸಿಕ್ಕಿದೆ. ಅದೇ ರೋಮ್ ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸನ ದಂಗೆ ಅಡಗಿಸಿ, ಸೆರೆಸಿಕ್ಕ 6,000 ಗುಲಾಮರನ್ನು ಆಪಿಯನ್ ಹೆದ್ದಾರಿಯುದ್ದಕ್ಕೂ ಶಿಲುಬೆಗೇರಿಸಿತು. ಎರಡೂ ನಿಜ, ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಪ್ರಾಂತ್ಯದ ಹುಡುಗ ಸಹಾಯಕ ಸೈನ್ಯದಲ್ಲಿ 25 ವರ್ಷ ದುಡಿದರೆ ಅವನಿಗೆ ಪೌರತ್ವ ಸಿಗುತ್ತಿತ್ತು. ದಾಖಲೆಯಾಗಿ ತಂತಿಯಿಂದ ಬಿಗಿದ ಎರಡು ಕಂಚಿನ ತಗಡು, ಅದರ ಮೇಲೆ ಸಾಕ್ಷಿಗಳ ಮುದ್ರೆ. ಟಾರ್ಸಸ್ ಊರಿನ ಪೌಲನನ್ನು ಜೆರುಸಲೇಮಿನಲ್ಲಿ ಚಾವಟಿಯಿಂದ ಹೊಡೆಯಲು ಕಟ್ಟಿದಾಗ ಅವನು ತಾನು ರೋಮನ್ ಪೌರನೆಂದ, ಚಾವಟಿ ಅಲ್ಲೇ ನಿಂತಿತು. ನಾನು ಇದಕ್ಕೆ ಬಹಳ ದುಡ್ಡು ಸುರಿದಿದ್ದೇನೆ ಎಂದು ಅಧಿಕಾರಿ ಹೇಳಿದರೆ, ನನಗೆ ಇದು ಹುಟ್ಟಿನಿಂದ ಬಂದದ್ದು ಎಂದನಂತೆ ಪೌಲ. ಕ್ರಿ.ಶ. 48ರಲ್ಲಿ ಚಕ್ರವರ್ತಿ ಕ್ಲಾಡಿಯಸ್, ಗಾಲ್ ಪ್ರಾಂತ್ಯದ ಮುಖಂಡರನ್ನು ಸೆನೆಟ್‌ಗೆ ಸೇರಿಸಿಕೊಳ್ಳಬೇಕೆಂದು ವಾದಿಸಿದ. ಆ ಭಾಷಣ ಕೊರೆದ ಕಂಚಿನ ಫಲಕ ಲಿಯೋನ್ ನಗರದಲ್ಲಿದೆ. ಐವತ್ತೇ ವರ್ಷದಲ್ಲಿ ಸ್ಪೇನ್‌ನಲ್ಲಿ ಹುಟ್ಟಿದ ಟ್ರೇಜನ್ ಚಕ್ರವರ್ತಿಯಾದ, 193ರಲ್ಲಿ ಆಫ್ರಿಕಾದ ಲೆಪ್ಟಿಸ್ ಮ್ಯಾಗ್ನಾ ಊರಿನ ಸೆಪ್ಟಿಮಿಯಸ್ ಸೆವೆರಸ್.

212ರಲ್ಲಿ ಅವನ ಮಗ ಕ್ಯಾರಕಲ್ಲ ಸಾಮ್ರಾಜ್ಯದ ಸ್ವತಂತ್ರ ಪ್ರಜೆಗಳಿಗೆ ಹೆಚ್ಚುಕಡಿಮೆ ಎಲ್ಲರಿಗೂ ಪೌರತ್ವ ಕೊಟ್ಟುಬಿಟ್ಟ. ಔದಾರ್ಯವೇ? ಅದೇ ಕಾಲದಲ್ಲಿ ಬದುಕಿದ್ದ ಸೆನೆಟರ್ ಕ್ಯಾಸಿಯಸ್ ಡಿಯೋ ನಂಬಲಿಲ್ಲ. ಸೈನಿಕರ ನಿವೃತ್ತಿ ಹಣಕ್ಕಾಗಿ ಅಗಸ್ಟಸ್ ಹಾಕಿದ್ದ ನೂರಕ್ಕೆ ಐದರ ಉತ್ತರಾಧಿಕಾರ ತೆರಿಗೆ ಪೌರರಿಗೆ ಮಾತ್ರ ಅನ್ವಯಿಸುತ್ತಿತ್ತು. ಕ್ಯಾರಕಲ್ಲ ಅದನ್ನು ಹತ್ತಕ್ಕೇರಿಸಿದ್ದ. ಪೌರರು ಹೆಚ್ಚಿದಷ್ಟೂ ವಸೂಲಿ ಹೆಚ್ಚು. ಈಜಿಪ್ಟಿನ ಪಪೈರಸ್ ಕಡತಗಳಲ್ಲಿ ಆ ಹೊತ್ತಿನಿಂದ ಎಲ್ಲಿ ನೋಡಿದರೂ ‘ಔರೇಲಿಯಸ್’ ಎಂಬ ಹೆಸರು. ಪೌರತ್ವ ಕೊಟ್ಟವನ ಮನೆತನದ ಹೆಸರನ್ನು ಪಡೆದವರೆಲ್ಲ ಇಟ್ಟುಕೊಂಡಿದ್ದರು. ಅಷ್ಟರಲ್ಲಾಗಲೇ ನ್ಯಾಯಾಲಯದಲ್ಲಿ ‘ಗೌರವಸ್ಥರು’, ‘ಕೆಳಗಿನವರು’ ಎಂಬ ಹೊಸ ಭೇದ ಬೇರೂರಿತ್ತು. ಕೆಳಗಿನವನು ಪೌರನಾದರೂ ಚಾವಟಿ ಏಟು ತಪ್ಪುತ್ತಿರಲಿಲ್ಲ. ಪೌಲನನ್ನು ಉಳಿಸಿದ ಮಾತು ಎಲ್ಲರ ಬಾಯಿಗೂ ಬರುವ ಹೊತ್ತಿಗೆ ಸವೆದುಹೋಗಿತ್ತು.

235ರಿಂದ ಐವತ್ತು ವರ್ಷ ಸೈನ್ಯವೇ ಚಕ್ರವರ್ತಿಗಳನ್ನು ಕೂರಿಸಿತು, ಇಳಿಸಿತು. ನಾಣ್ಯದಲ್ಲಿ ಬೆಳ್ಳಿ ನೂರಕ್ಕೆ ಐದಕ್ಕಿಂತಲೂ ಕೆಳಗಿಳಿಯಿತು. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎನ್ನುವಂತೆ ತಾಮ್ರದ ಮೇಲೆ ಬೆಳ್ಳಿಯ ನೀರು. 284ರಲ್ಲಿ ಬಂದ ಡಯೊಕ್ಲೀಷನ್ ಮುಖವಾಡ ಕಳಚಿದ. ಆಳ್ವಿಕೆಯನ್ನು ನಾಲ್ವರಿಗೆ ಹಂಚಿದ, ಪ್ರಾಂತ್ಯಗಳನ್ನು ಒಡೆದು ಸುಮಾರು ನೂರಕ್ಕೇರಿಸಿದ, 301ರಲ್ಲಿ ಗೋಧಿಯಿಂದ ಕ್ಷೌರದವರೆಗೆ ಬೆಲೆ ಕಟ್ಟಿದ. ಬೆಲೆ ಯಾರ ಮಾತೂ ಕೇಳಲಿಲ್ಲ. ಅವನ ಎದುರು ಬಂದವರು ಈಗ ಮಂಡಿಯೂರಿ ಉಡುಪಿನ ಅಂಚಿಗೆ ಮುತ್ತಿಡಬೇಕಿತ್ತು. ಊರಿನ ಕೌನ್ಸಿಲ್ ಸದಸ್ಯತ್ವಕ್ಕಾಗಿ ಒಂದು ಕಾಲದಲ್ಲಿ ಜನ ಹಣ ಚೆಲ್ಲಿ ಕಟ್ಟಡ ಕಟ್ಟಿಸುತ್ತಿದ್ದರು. ಈಗ ಅದು ತೆರಿಗೆ ಬಾಕಿಗೆ ಸ್ವಂತ ಆಸ್ತಿ ಒತ್ತೆಯಿಡುವ, ತಂದೆಯಿಂದ ಮಗನಿಗೆ ಇಳಿಯುವ ಶಿಕ್ಷೆ. ಗೇಣಿ ರೈತ ಹೊಲ ಬಿಟ್ಟು ಓಡಿದರೆ ಸಂಕೋಲೆ ಹಾಕಿ ಎಳೆತರಬಹುದೆಂದು 332ರಲ್ಲಿ ಕಾನ್‌ಸ್ಟಂಟೈನ್ ಕಾನೂನು ಮಾಡಿದ. ಅವನು ಕ್ರೈಸ್ತರ ಕಡೆ ವಾಲಿದ್ದು, 330ರಲ್ಲಿ ಬಾಸ್ಫರಸ್ ದಡದಲ್ಲಿ ಹೊಸ ರಾಜಧಾನಿಯನ್ನು ಉದ್ಘಾಟಿಸಿದ್ದು ಎಲ್ಲರೂ ಬಲ್ಲ ಕಥೆ. ಬಿಷಪ್ಪರು ಕೆಲಕಾಲದಲ್ಲೇ ಊರಿನ ಹೊಸ ಧಣಿಗಳಾದರು.

476ರಲ್ಲಿ ಓಡೋಸರ್ ಎಂಬ ಸೇನಾನಾಯಕ ಪಶ್ಚಿಮದ ಬಾಲ ಚಕ್ರವರ್ತಿಯನ್ನು ಇಳಿಸಿ ಮನೆಗೆ ಕಳಿಸಿದ. ಶಾಲಾ ಪಠ್ಯ ಅಲ್ಲಿಗೆ ಮುಗಿಯುತ್ತದೆ. ರೋಮ್ ಊರಿನಲ್ಲಿ ಮಾತ್ರ ಸೆನೆಟ್ ಸೇರುತ್ತಲೇ ಇತ್ತು, ವರ್ಷವರ್ಷವೂ ಕಾನ್ಸುಲರ ಹೆಸರು ಬರುತ್ತಲೇ ಇತ್ತು. ಕಾನ್ಸುಲ್ ಎಂದರೆ ಈಗ ಅಪ್ಪಟ ಉತ್ಸವಮೂರ್ತಿ. ಹೊಸ ವರ್ಷದಂದು ಮೆರವಣಿಗೆ ಹೊರಟು, ಜನರಿಗೆ ಕುದುರೆ ಪಂದ್ಯ, ಪ್ರಾಣಿಗಳ ಕಾಳಗ ತೋರಿಸಿ ದುಡ್ಡು ಚೆಲ್ಲುವುದಷ್ಟೇ ಕೆಲಸ. 541ರಲ್ಲಿ ಬೆಸಿಲಿಯಸ್ ಎಂಬವನು ಕಾನ್ಸುಲ್ ಆದ. ಮರುವರ್ಷ ಜಸ್ಟೀನಿಯನ್ ಚಕ್ರವರ್ತಿ ಯಾರನ್ನೂ ನೇಮಿಸಲಿಲ್ಲ, ಅದರ ಮರುವರ್ಷವೂ ಇಲ್ಲ. ಪತ್ರ ಬರೆಯುವ ಗುಮಾಸ್ತರು ಮಾತ್ರ ಚಕ್ರವರ್ತಿಯ ಆಳ್ವಿಕೆಯ ವರ್ಷದ ಪಕ್ಕದಲ್ಲಿ ‘ಬೆಸಿಲಿಯಸ್ ಕಾನ್ಸುಲ್ ಆದ ಮೇಲಿನ ಹತ್ತನೆಯ ವರ್ಷ’, ‘ಇಪ್ಪತ್ತನೆಯ ವರ್ಷ’ ಎಂದು ತಾರೀಖು ಹಾಕುತ್ತಲೇ ಇದ್ದರು.